ಪುಟ್ಟ ತಾಣಗಳ ಮೇಲೆ ದಾಳಿ: ರಕ್ಷಣೆ ಯಾರ ಹೊಣೆ?

ಬೆಂಗಳೂರು: ಅಪ್ರಿಯ ಸುದ್ದಿ ಪ್ರಕಟಿಸಿದ ಪತ್ರಿಕೆಯ ಪ್ರತಿಗಳನ್ನು ಬೀದಿಯಲ್ಲಿ ಸುಡುವುದು ಹಳೆಯ ಪರಿಪಾಠ. ಅಂತರ್ಜಾಲದಲ್ಲಿ ಅದಕ್ಕೆ ಬೆಂಕಿಕಡ್ಡಿಯೂ ಬೇಡ. ತಾಣದ ಸರ್ವರ್‌ಗೆ ಲೆಕ್ಕವಿಲ್ಲದಷ್ಟು ಸುಳ್ಳು ಕೋರಿಕೆಗಳನ್ನು ಒಮ್ಮೆಲೇ ನುಗ್ಗಿಸಿದರೆ ಸಾಕು, ನಿಜವಾದ ಓದುಗನಿಗೆ ಬಾಗಿಲು ಮುಚ್ಚುತ್ತದೆ. 'ಡಿಡಾಸ್' ಎಂಬ ಈ ದಾಳಿಯ ಎದುರು ಸಣ್ಣ ತಾಣಗಳು ಎಷ್ಟು ಅಸಹಾಯಕ ಎಂಬುದಕ್ಕೆ ಅಮೆರಿಕದ ಪತ್ರಕರ್ತ ಬ್ರಯಾನ್ ಕ್ರೆಬ್ಸ್ ಅವರ ಅನುಭವವೇ ಸಾಕ್ಷಿ.

ಹಣ ಪಡೆದು ಇಂಥ ದಾಳಿ ನಡೆಸುತ್ತಿದ್ದ ಜಾಲವೊಂದನ್ನು ಕ್ರೆಬ್ಸ್ 2016ರ ಸೆಪ್ಟೆಂಬರ್‌ನಲ್ಲಿ ಬಯಲಿಗೆಳೆದಿದ್ದರು. ಅದೇ ತಿಂಗಳ 20ರಂದು ಅವರ ತಾಣದ ಮೇಲೆ ಸೆಕೆಂಡಿಗೆ ಸುಮಾರು 620 ಗಿಗಾಬಿಟ್‌ನಷ್ಟು ದತ್ತಾಂಶದ ಪ್ರವಾಹವೇ ಹರಿಯಿತು. ಉಚಿತವಾಗಿ ರಕ್ಷಣೆ ನೀಡುತ್ತಿದ್ದ ಅಕಮಾಯ್ ಸಂಸ್ಥೆ ಮೊದಲ ಹೊಡೆತವನ್ನು ತಡೆದುಕೊಂಡಿತಾದರೂ, ವೆಚ್ಚ ಮಿತಿಮೀರಿದಾಗ ಹಿಂದೆ ಸರಿಯಿತು. ಅಷ್ಟೇ ಬಲದ ರಕ್ಷಣೆಯನ್ನು ಕೊಳ್ಳಲು ವರ್ಷಕ್ಕೆ ಒಂದೂವರೆಯಿಂದ ಎರಡು ಲಕ್ಷ ಡಾಲರ್ ಬೇಕಿತ್ತು. ಕೊನೆಗೆ ಗೂಗಲ್‌ನ 'ಪ್ರಾಜೆಕ್ಟ್ ಶೀಲ್ಡ್' ಉಚಿತ ಆಸರೆ ನೀಡಿದ ಬಳಿಕ, 25ರಂದು ತಾಣ ಮರಳಿ ತೆರೆಯಿತು.

ದಾಳಿಗೆ ಬಳಕೆಯಾದದ್ದು 'ಮಿರೈ' ಎಂಬ ಕುತಂತ್ರಾಂಶ. ಕಾರ್ಖಾನೆಯಲ್ಲಿ ಇಟ್ಟ ಪಾಸ್‌ವರ್ಡ್ ಬದಲಾಗದೇ ಉಳಿದ ಕಣ್ಗಾವಲು ಕ್ಯಾಮೆರಾ, ರೂಟರ್‌ಗಳನ್ನು ಅದು ವಶಪಡಿಸಿಕೊಂಡಿತ್ತು. ಅದನ್ನು ರೂಪಿಸಿದ ಮೂವರು ಯುವಕರು 2017ರಲ್ಲಿ ತಪ್ಪೊಪ್ಪಿಕೊಂಡರು.

<b>ವಿಳಾಸವೇ ಗುಟ್ಟು</b>

ರಕ್ಷಣಾ ಸೇವೆಯೊಂದರ ಮರೆಯಲ್ಲಿ ನಿಂತ ಮಾತ್ರಕ್ಕೆ ಸರ್ವರ್ ಸುರಕ್ಷಿತವಲ್ಲ ಎಂಬುದು ಗಮನಾರ್ಹ. ಅದರ ಮೂಲ ಐಪಿ ವಿಳಾಸ ಹಳೆಯ ಡೊಮೈನ್ ದಾಖಲೆಗಳಲ್ಲಿ ಉಳಿದಿರುತ್ತದೆ. ಅದೇ ಸರ್ವರ್‌ನಿಂದ ಹೊರಡುವ ಇ-ಮೇಲ್ ಕೂಡ ಅದನ್ನು ಬಿಟ್ಟುಕೊಡುತ್ತದೆ. ವಿಳಾಸ ತಿಳಿದವನು ಮುಂಬಾಗಿಲ ಕಾವಲನ್ನು ಬಳಸಿಕೊಂಡು ಹಿತ್ತಲಿನಿಂದ ನುಗ್ಗಬಲ್ಲ. ಆದ್ದರಿಂದ ರಕ್ಷಣೆ ಪಡೆದೊಡನೆ ಹಳೆಯ ವಿಳಾಸ ಬದಲಿಸುವುದು, ಆ ಸೇವೆಯ ಮೂಲಕ ಬರುವ ಸಂಪರ್ಕಗಳಿಗಷ್ಟೇ ಫೈರ್‌ವಾಲ್ ತೆರೆಯುವುದು, ಇ-ಮೇಲ್ ವ್ಯವಸ್ಥೆಯನ್ನು ಬೇರೆಡೆ ಇಡುವುದು ಅನಿವಾರ್ಯ. ತಂತ್ರಾಂಶವನ್ನು ಕಾಲಕಾಲಕ್ಕೆ ನವೀಕರಿಸಿ, ಬ್ಯಾಕಪ್ ಪ್ರತಿಯನ್ನು ಪ್ರತ್ಯೇಕವಾಗಿಡಬೇಕು. ಇವಕ್ಕೆ ಹಣಕ್ಕಿಂತ ಶಿಸ್ತು ಮುಖ್ಯ.

ಭಾರತದಲ್ಲಿ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ, ಇಂಥ ದಾಳಿಯನ್ನು ಗಮನಿಸಿದ ಆರು ಗಂಟೆಯೊಳಗೆ ಸಂಸ್ಥೆಗಳು ವರದಿ ಮಾಡಬೇಕು. 180 ದಿನಗಳ ಲಾಗ್ ದಾಖಲೆ ಕಾದಿಡಬೇಕು. ತನಿಖೆಗೆ ಇದು ಉಪಯುಕ್ತವೇ ಹೌದು. ಆದರೆ ವರದಿ ಸಲ್ಲಿಸಿದೊಡನೆ ಪ್ರವಾಹ ನಿಲ್ಲುವುದಿಲ್ಲ.

ಮನೆಯ ಅಗುಳಿ ಹಾಕಿಕೊಳ್ಳುವುದು ಮನೆಯವರ ಕರ್ತವ್ಯ. ಊರನ್ನೇ ಮುಳುಗಿಸುವ ನೆರೆಗೆ ಅಗುಳಿ ಸಾಲದು. ಆ ಹೊತ್ತಿನಲ್ಲಿ ಸಣ್ಣ ತಾಣಗಳ ಉಳಿವು ಬೆರಳೆಣಿಕೆಯ ದೈತ್ಯ ಕಂಪನಿಗಳ ಔದಾರ್ಯಕ್ಕೆ ಬಿಟ್ಟದ್ದು. ಕೊಟ್ಟ ಕೈ ಹಿಂದೆ ಸರಿಯಲೂಬಹುದು ಎಂಬುದನ್ನು 2016 ತೋರಿಸಿದೆ. ಪತ್ರಿಕಾ ಸ್ವಾತಂತ್ರ್ಯದ ಚರ್ಚೆಯಲ್ಲಿ ಸರ್ವರ್‌ನ ಸುರಕ್ಷತೆಗೂ ಸ್ಥಾನ ಸಿಗಬೇಕಾದದ್ದು ಈ ಕಾರಣಕ್ಕೆ.