ಯಾರೂ ದೂರು ಕೊಟ್ಟಿಲ್ಲ ಅಂದ್ರೆ ಯಾರೂ ಇಲ್ಲ ಅಂತಲ್ಲ

ಹಳೆಯದನ್ನೆಲ್ಲ ಹೊತ್ತುಕೊಂಡೇ ಇರಿ ಎಂದು ಲಿನಕ್ಸ್ ಕರ್ನಲ್ ಬರೆಯುವವರಿಗೆ ನಾನು ಹೇಳುತ್ತಿಲ್ಲ. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಈ ಕರ್ನಲ್ ಬರೆಯಲು ಕೂತದ್ದೇ ಇಂಟೆಲ್ 386 ಯಂತ್ರದ ಮುಂದೆ. ಆ 386ಕ್ಕಿದ್ದ ಬೆಂಬಲವನ್ನೇ 2013ರ 3.8 ಆವೃತ್ತಿಯಲ್ಲಿ ಕಿತ್ತು ಹಾಕಿದರು. ಸರಿಯಾಗಿಯೇ ಮಾಡಿದರು. 486ರಲ್ಲಿ ಬಂದ ಕೆಲವು ಸೂಚನೆಗಳು 386ಕ್ಕೆ ಗೊತ್ತಿರಲಿಲ್ಲ. ಅದೊಂದಕ್ಕಾಗಿ ಕೋಡಿಗೆ ಅಲ್ಲಲ್ಲಿ ತೇಪೆ ಹಾಕಬೇಕಿತ್ತು. ತೇಪೆ ಹೆಚ್ಚಿದಷ್ಟೂ ದೋಷಗಳಿಗೆ ಅಡಗಲು ಜಾಗ.

ನನ್ನ ತಕರಾರು ತೆಗೆಯುವುದರ ಬಗ್ಗೆ ಅಲ್ಲ, 'ಇದನ್ನು ಯಾರೂ ಬಳಸುತ್ತಿಲ್ಲ' ಎಂದು ತೀರ್ಮಾನಿಸುವ ರೀತಿಯ ಬಗ್ಗೆ.

ಬಳಕೆದಾರರ ಪ್ರೋಗ್ರಾಂ ಕೆಡಬಾರದು ಎಂಬುದು ಕರ್ನಲ್ ಲೋಕದ ದೊಡ್ಡ ನಿಯಮ. ಆದರೆ ಅದಕ್ಕೊಂದು ಬಾಲವಿದೆ: ಕೆಟ್ಟದ್ದು ಯಾರ ಗಮನಕ್ಕೂ ಬಾರದಿದ್ದರೆ ಕೆಟ್ಟಂತಲ್ಲ. ತೆಗೆದು ನೋಡು, ಯಾರಾದರೂ ಕೂಗಿದರೆ ವಾಪಸ್ ಹಾಕು. ಕೂಗಬೇಕಾದದ್ದು ಎಲ್ಲಿ? ಇಮೇಲ್‌ನಲ್ಲಿ, ಇಂಗ್ಲಿಷಿನಲ್ಲಿ, ಅದೂ ಹೊಸ ಕರ್ನಲ್ ಬಂದ ಕೂಡಲೇ. ಹಳೇ ಯಂತ್ರ ಇಟ್ಟುಕೊಂಡವನಿಗೆ ಆ ಕರ್ನಲ್ ತಲುಪುವುದೇ ಮೂರ್ನಾಲ್ಕು ವರ್ಷದ ಮೇಲೆ. ಅಷ್ಟರಲ್ಲಿ ಕಡತ ಮುಚ್ಚಿರುತ್ತದೆ.

ನಮ್ಮೂರ ಗ್ರಂಥಾಲಯದಲ್ಲಿ ಯಾರೋ ದಾನ ಕೊಟ್ಟ ಎರಡು ಕಂಪ್ಯೂಟರ್‌ಗಳಿವೆ. ಕಳೆದ ಬೇಸಿಗೆಯಲ್ಲಿ ಹೊಸ ಲಿನಕ್ಸ್ ಹಾಕೋಣವೆಂದು ಪೆನ್‌ಡ್ರೈವ್ ಸಿಕ್ಕಿಸಿದೆ. ಈ ಕರ್ನಲ್‌ಗೆ 64 ಬಿಟ್ ಪ್ರೊಸೆಸರ್ ಬೇಕು ಎಂದು ಪರದೆ ಮೇಲೆ ಬಂತು, ಅಲ್ಲಿಗೇ ನಿಂತಿತು. ಗ್ರಂಥಪಾಲಕರು ಯಾರಿಗೂ ದೂರು ಬರೆಯಲಿಲ್ಲ. ಕಂಪ್ಯೂಟರ್ ಮೇಲೆ ಬಟ್ಟೆ ಹೊದಿಸಿದರು.

ಇದು ಕರ್ನಲ್‌ನವರ ತಪ್ಪಲ್ಲ ನಿಜ. ನಾನು ಹಾಕಹೊರಟದ್ದು 64 ಬಿಟ್ ಆವೃತ್ತಿ. ಆದರೆ 32 ಬಿಟ್ ಆವೃತ್ತಿ ಕೊಡುವವರೇ ಕಡಿಮೆಯಾಗುತ್ತಿದ್ದಾರೆ. 2025ರ ಡೆಬಿಯನ್ 13ರಲ್ಲಿ ಹಳೇ 32 ಬಿಟ್ ಪಿಸಿಗಳಿಗೆ ಇನ್‌ಸ್ಟಾಲರ್ರೂ ಇಲ್ಲ, ಕರ್ನಲ್ಲೂ ಇಲ್ಲ. ಇತ್ತ ಕರ್ನಲ್‌ನೊಳಗೆ ಹೈಮೆಮ್ ತೆಗೆಯುವ ಮಾತು ನಡೆದಿದೆ. 32 ಬಿಟ್ ಪಿಸಿಯ ಸಾಮಾನ್ಯ ಹೊಂದಿಕೆಯಲ್ಲಿ ಸುಮಾರು 896 ಎಂಬಿಯಿಂದ ಆಚೆಗಿನ ಮೆಮೊರಿ ಸಿಗುವುದು ಅದರಿಂದಲೇ.

'ಹಳೇ ಕರ್ನಲ್ಲೇ ಇಟ್ಟುಕೊಳ್ಳಿ' ಎನ್ನುವವರಿದ್ದಾರೆ. ದೀರ್ಘಾವಧಿ ಕರ್ನಲ್‌ಗಳ ನಿರ್ವಹಣೆಯನ್ನು ಆರು ವರ್ಷದಿಂದ ಎರಡಕ್ಕೆ ಇಳಿಸುತ್ತೇವೆ ಎಂದು 2023ರಲ್ಲಿ ಹೇಳಿದ್ದು ಅದೇ ಕರ್ನಲ್ ಬಳಗ. ಹೊಸ ಮನೆಗೂ ಸೇರಿಸುವುದಿಲ್ಲ, ಹಳೇ ಮನೆಯ ಹೆಂಚೂ ಬದಲಿಸುವುದಿಲ್ಲ ಅಂದರೆ ಹೇಗೆ?

ಪತ್ರಿಕೋದ್ಯಮ ಓದಿದ ನಮಗೆ ಇದು ಹೊಸ ಪಾಠವೇನಲ್ಲ. ತಾಲ್ಲೂಕು ಕಚೇರಿಗೆ ಅರ್ಜಿ ಬಂದಿಲ್ಲ ಎಂದ ಮಾತ್ರಕ್ಕೆ ಊರಲ್ಲಿ ನೀರಿದೆ ಎಂದು ನಾವು ಸುದ್ದಿ ಬರೆಯುವುದಿಲ್ಲ. ಹೋಗಿ ನಲ್ಲಿ ತಿರುಗಿಸಿ ನೋಡುತ್ತೇವೆ.

ಕರ್ನಲ್‌ನವರೂ ತೆಗೆಯಲಿ. ಆದರೆ ವರ್ಷಗಳ ಮುಂಚೆ ಹೇಳಲಿ, ಆ ಯಂತ್ರಗಳನ್ನು ಓಡಿಸುವ ಕೊನೆಯ ಕರ್ನಲ್ಲನ್ನಾದರೂ ಹೆಚ್ಚು ಕಾಲ ಕಾಯಲಿ. ನಮ್ಮ ಪಾಲಿನ ಕೆಲಸವೂ ಇದೆ. ನಿಮ್ಮೂರ ಶಾಲೆ, ಪಂಚಾಯಿತಿ, ಗ್ರಂಥಾಲಯದಲ್ಲಿ ಎಂಥ ಯಂತ್ರಗಳಿವೆ ಎಂದು ನೋಡಿ ಬಂದು ಬರೆಯಿರಿ. ಬಟ್ಟೆ ಹೊದ್ದು ಕೂತವನ್ನೂ ಬಿಡದೆ ಎಣಿಸಿ.