ಬೆಂಚು ಹಾಕಿದ್ರೆ ಸಾಲದು, ಕೂರೋಕೆ ಧೈರ್ಯನೂ ಬರಬೇಕು

ತಾಲ್ಲೂಕು ಕೇಂದ್ರಗಳ ಬಸ್ ನಿಲ್ದಾಣ, ಪಾರ್ಕುಗಳಲ್ಲಿ ದಾನಿಗಳ ಹೆಸರು ಕೆತ್ತಿದ ಕಲ್ಲು ಬೆಂಚು ಕಾಣೋದು ಸಾಮಾನ್ಯ. ಆದರೆ ಮಧ್ಯಾಹ್ನ ನೆರಳಿಲ್ಲದ ಕಡೆ ಗ್ರಾನೈಟ್ ಕಾದ ಹೆಂಚು. ಸಂಜೆಯಾದರೆ ಲೈಟ್ ಇಲ್ಲದ ಮೂಲೆ. ಬೆಂಚು ಖಾಲಿ ಇದ್ದರೂ ಹೆಣ್ಣುಮಕ್ಕಳು ಅಂಗಡಿ ಬೆಳಕಲ್ಲಿ ನಿಂತೇ ಬಸ್ ಕಾಯ್ತಾರೆ.

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರ ಓಡಾಟ ಹೆಚ್ಚಾಗಿದೆ. ಟಿಕೆಟ್ ಏನೋ ಉಚಿತವಾಯ್ತು. ಬಸ್ ಬರೋ ತನಕ ಎಲ್ಲಿ ಕೂರೋದು ಅನ್ನೋ ಪ್ರಶ್ನೆ ಮಾತ್ರ ಹಾಗೇ ಉಳಿದಿದೆ.

ನಮ್ಮ ಅರಳಿಕಟ್ಟೆಯಲ್ಲಿ ಮೇಲೆ ನೆರಳು, ಬೆನ್ನಿಗೆ ಮರ, ಕಣ್ಣೆದುರು ದಾರಿ. ಹಿಂದಿನಿಂದ ಯಾರು ಬರ್ತಾರೋ ಅನ್ನೋ ಅಂಜಿಕೆ ಇಲ್ಲ. ಆದರೆ ಕಟ್ಟೆ ಹೆಚ್ಚಾಗಿ ಗಂಡಸರದ್ದೇ ಆಗಿತ್ತು ಅನ್ನೋದೂ ನಿಜ.

ಅಂಗಡಿಯವರ ತಕರಾರು ಬೇರೆ. ಬೆಂಚು ಹಾಕಿದ್ರೆ ಕುಡುಕರು ಬಂದು ಮಲಗ್ತಾರೆ, ವ್ಯಾಪಾರ ಹಾಳಾಗುತ್ತೆ ಅಂತಾರೆ. ಈ ಭಯ ಸುಳ್ಳಲ್ಲ. ಆದರೆ ಬೆಂಚು ಕಿತ್ತರೆ ಕುಡುಕ ಪಕ್ಕದ ಮೆಟ್ಟಿಲಿಗೆ ಹೋಗ್ತಾನೆ, ಮಂಡಿನೋವಿನ ಅಜ್ಜಿಗೆ ಮಾತ್ರ ಜಾಗ ತಪ್ಪುತ್ತೆ. ನ್ಯೂಯಾರ್ಕ್‌ನಲ್ಲಿ ಜನ ಎಲ್ಲಿ ಕೂರ್ತಾರೆ ಅಂತ ಕ್ಯಾಮೆರಾ ಇಟ್ಟು ನೋಡಿದ ವಿಲಿಯಂ ವೈಟ್, 1980ರ ತಮ್ಮ ಪುಸ್ತಕದಲ್ಲಿ ಇದನ್ನೇ ಹೇಳಿದ್ದಾರೆ: ಬೇಡದವರನ್ನು ದೂರ ಇಡಬೇಕಾದರೆ ಉಳಿದ ಎಲ್ಲರೂ ಬರೋ ಹಾಗೆ ಜಾಗ ಮಾಡಬೇಕು. ಹೆಚ್ಚು ಬಳಕೆಯಾಗೋ ಜಾಗಗಳಲ್ಲಿ ಹೆಂಗಸರ ಪಾಲೂ ಹೆಚ್ಚಿತ್ತು ಅನ್ನೋದನ್ನೂ ಅವರು ಗಮನಿಸಿದ್ದರು. ನಾಲ್ಕು ಜನ ಕೂತಿರೋ ಕಡೆ ಅಂಗಡಿಗೂ ಕಾವಲು, ಟೀ-ಬಿಸ್ಕತ್ತಿಗೂ ಗಿರಾಕಿ.

ಇದಕ್ಕೆ ಭಾರಿ ಖರ್ಚೇನೂ ಬೇಕಿಲ್ಲ. ಬೆಂಚು ಸುಮಾರು ಒಂದೂವರೆ ಅಡಿ ಎತ್ತರ ಇರಲಿ. ತೀರಾ ತಗ್ಗಾದರೆ ವಯಸ್ಸಾದವರಿಗೆ ಏಳೋಕೆ ಕಷ್ಟ. ಕೈ ಊರಿ ಏಳೋಕೆ ಹಿಡಿ, ಒರಗೋಕೆ ಬೆನ್ನು ಇರಲಿ. ಪಕ್ಕದಲ್ಲಿ ಗಾಲಿಕುರ್ಚಿ ನಿಲ್ಲುವಷ್ಟು ಜಾಗ ಬಿಡಲಿ. ಮುಖ ಬಸ್ ಬರೋ ಕಡೆಗೆ, ಹಿಂದೆ ಗೋಡೆ, ಮೇಲೆ ಸೂರು, ಹತ್ತಿರದಲ್ಲೇ ಉರಿಯೋ ದೀಪ. ಒಂದೇ ಉದ್ದ ಬೆಂಚಿನ ಬದಲು ಬಿಡಿಬಿಡಿಯಾಗಿ ಹಾಕಿದ್ರೆ ಅಪರಿಚಿತರ ಪಕ್ಕ ಒತ್ತಿ ಕೂರೋ ಮುಜುಗರವೂ ತಪ್ಪುತ್ತೆ.

ಬಿಲ್ ಪಾಸ್ ಮಾಡೋ ಮುಂಚೆ ಪುರಸಭೆ ಸದಸ್ಯರು, ಇಂಜಿನಿಯರ್‌ಗಳು ರಾತ್ರಿ ಎಂಟಕ್ಕೆ ಅಲ್ಲಿಗೆ ಒಂದು ಸಲ ಬರಲಿ. ಮನೆ ಹೆಣ್ಣುಮಗಳನ್ನ ಅಲ್ಲಿ ಒಬ್ಬಳೇ ಅರ್ಧ ಗಂಟೆ ಕೂರಿಸೋಕೆ ಮನಸ್ಸು ಒಪ್ಪದಿದ್ರೆ, ಆ ಕೆಲಸ ಇನ್ನೂ ಮುಗಿದಿಲ್ಲ ಅಂತಲೇ ಲೆಕ್ಕ.