ಯಂತ್ರದ ಹೊಟ್ಟೆಯಲ್ಲಿ ಕೂತ ಹುಡುಗ

ಭಾಲ್ಕಿಯ ಸೋದರಿಯೊಬ್ಬರು ಕಳವಳದಿಂದ ಬರೆದಿದ್ದಾರೆ: “ನನ್ನ ಮಗ ಒಂಬತ್ತನೇ ತರಗತಿ. ಸಾಲಿಯಿಂದ ಬಂದವನೇ ಫೋನು ಹಿಡಿದು ಜಪಾನಿನ ಕಬ್ಬಿಣದ ರಾಕ್ಷಸರ ಲಡಾಯಿ ನೋಡ್ಲಕತ್ತಾನ್ರೀ. ಊಟಕ್ಕ ಕರೆದರ ‘ಇದೊಂದು ಮುಗೀಲಿ ಅವ್ವಾ’ ಅಂತಾನ. ರೊಟ್ಟಿ ಆರಿ ಹಪ್ಪಳ ಆಗ್ತದ. ಯುದ್ಧ ನೋಡಿ ನೋಡಿ ಹುಡುಗನ ಮನಸ್ಸು ಕಲ್ಲಾಗ್ತದೇನೋ ಅಂತ ಭಯ. ಫೋನು ಕಸಿದಿಡಲೇನು?”

ಸೋದರಿ, ಅವಸರ ಮಾಡಬೇಡಿ. ಉತ್ತರ ಬರೆಯುವ ಮೊದಲು ನಾನು ಅಕ್ಕನ ಮಗನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಅದನ್ನು ಮೊದಲಿಂದ ಕಡೆತನಕ ನೋಡಿದೆ. ಒಟ್ಟು 43 ಕಂತು. ಹೆಸರು ‘ಮೊಬೈಲ್ ಸೂಟ್ ಗಂಡಮ್’. (ನಗಬೇಡಿ, ಗಂಡನಿಗೂ ಇದಕ್ಕೂ ಸಂಬಂಧವಿಲ್ಲ!) ಮಾತು ಜಪಾನಿ, ಕೆಳಗೆ ಇಂಗ್ಲಿಷ್ ಅಕ್ಷರ. ಹುಡುಗ ಓದಿ ಹೇಳುತ್ತಿದ್ದ, ನಾನು ಶೇಂಗಾ ಸುಲಿಯುತ್ತ ಕೇಳುತ್ತಿದ್ದೆ. ಎಷ್ಟೋ ಕಡೆ ಕೈ ತಾನಾಗಿ ನಿಂತುಬಿಟ್ಟಿತು.

ನಿಮ್ಮಲ್ಲಿ ನಲವತ್ತೈದು ದಾಟಿದವರಿಗೆ, ಆ ಕಾಲದಲ್ಲಿ ಮನೆಯಲ್ಲೋ ನೆರೆಮನೆಯಲ್ಲೋ ಟಿ.ವಿ. ಇದ್ದವರಿಗೆ, 1980ರ ದಶಕದಲ್ಲಿ ದೂರದರ್ಶನದಲ್ಲಿ ಬಂದ ‘ಜೈಂಟ್ ರೋಬೋಟ್’ ನೆನಪಿರಬೇಕು. ಅದೂ ಜಪಾನಿನದೇ. ಜಾನಿ ಸೊಕ್ಕೊ ಎಂಬ ಹುಡುಗ ಕೈಗಡಿಯಾರದೊಳಗೆ ಅಪ್ಪಣೆ ಕೊಟ್ಟರೆ ಸಾಕು, ಆ ಮಹಾಕಾಯ ಹಾರಿಬಂದು ವೈರಿಯನ್ನು ಸದೆಬಡಿಯುತ್ತಿತ್ತು. ಹುಡುಗ ಹೊರಗೆ ನಿಂತು ನೋಡುತ್ತಿದ್ದ. ಗಂಡಮ್ ಹಾಗಲ್ಲ. ಅದು ಹೇಳಿದ ಮಾತು ಕೇಳುವ ಆಳಲ್ಲ, ಬರೀ ಯಂತ್ರ. ಅದು ನಡೆಯಬೇಕಾದರೆ ಯಾರಾದರೊಬ್ಬರು ಅದರ ಹೊಟ್ಟೆಯೊಳಗೆ ಹೋಗಿ ಕೂಡಲೇಬೇಕು. ಹಾಗೆ ಕೂತವನು ಹದಿನೈದು ವರ್ಷದ ಅಮುರೊ ಎಂಬ ಹುಡುಗ. ಕಥೆಯ ಜೀವ ಇರುವುದೇ ಇಲ್ಲಿ. ಹೊಡೆತ ಕಬ್ಬಿಣಕ್ಕೆ ಬಿದ್ದರೂ ನಡುಗುವವನು ಒಳಗಿನ ಹುಡುಗ.

ಮೊದಲ ಕಂತಿನಲ್ಲೇ ನಮ್ಮ ಮನೆಯ ಚಿತ್ರ ಇದೆ ನೋಡಿ. ಅಮುರೊ ಕೋಣೆಯಲ್ಲಿ ಯಂತ್ರದ ಮುಂದೆ ಕೂತಿದ್ದಾನೆ, ತಿಂಡಿ ಮುಟ್ಟಿಲ್ಲ. ನೆರೆಯ ಹುಡುಗಿ ಫ್ರಾ ಬಂದು ಬಯ್ಯುತ್ತಾಳೆ. ಅಷ್ಟರಲ್ಲಿ ದಾಳಿ. ಅಂತರಿಕ್ಷದಲ್ಲಿ ತೇಲುವ ಊರುಗಳಲ್ಲಿ ಜನ ಬಾಳುವ ಕಾಲ ಅದು. ಅಂಥ ಊರುಗಳ ಒಂದು ಗುಂಪು, ಜಿಯಾನ್ ಎಂಬುದು, ಭೂಮಿಯ ಸರ್ಕಾರದಿಂದ ಸ್ವಾತಂತ್ರ್ಯ ಬೇಕೆಂದು ಯುದ್ಧ ಹೂಡಿದೆ. ತಿಂಗಳೊಪ್ಪತ್ತಿನಲ್ಲಿ ಮನುಷ್ಯಕುಲದ ಅರ್ಧ ಜನ ಸತ್ತಿದ್ದಾರೆ. ಫ್ರಾಳ ತಾಯಿ, ಅಜ್ಜ ಇಬ್ಬರೂ ಅವಳ ಕಣ್ಣೆದುರೇ ಹೋಗುತ್ತಾರೆ. ಅಮುರೊ ಕೈಗೆ ಸಿಕ್ಕ ಸೂಚನಾ ಪುಸ್ತಕ ಓದುತ್ತಲೇ ಯಂತ್ರ ಹತ್ತುತ್ತಾನೆ.

ಯಂತ್ರದ ಎತ್ತರ 18 ಮೀಟರು, ಅಂದರೆ ಅರವತ್ತು ಅಡಿಯ ಹತ್ತಿರ. ಬೀದರಿನ ಮಹಮೂದ್ ಗವಾನ್ ಮದ್ರಸದ ಉಳಿದಿರುವ ಮಿನಾರಿನ ಅರ್ಧದಷ್ಟೂ ಇಲ್ಲ. ಆ ಮಿನಾರಿನ ಜೋಡಿ 17ನೇ ಶತಮಾನದ ಕೊನೆಗೆ ಸಿಡಿಮದ್ದಿನ ಸ್ಫೋಟದಲ್ಲಿ ಬಿದ್ದುಹೋಯಿತು. ಮಕ್ಕಳು ಕಲಿಯುವ ಜಾಗದಲ್ಲಿ ಮದ್ದುಗುಂಡು ತುಂಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮೂರಲ್ಲೇ ಸಾಕ್ಷಿ ನಿಂತಿದೆ.

ಇದನ್ನು ಮಾಡಿದ ನಿರ್ದೇಶಕ ಯೋಶಿಯುಕಿ ತೊಮಿನೊ. ಹುಟ್ಟಿದ್ದು 1941ರಲ್ಲಿ, ಒಡವಾರ ಎಂಬ ಊರಲ್ಲಿ. ಜಪಾನ್ ಸೋತು ಯುದ್ಧ ನಿಂತದ್ದು 1945ರ ಆಗಸ್ಟ್ 15. ಅದೇ ದಿನ ನಸುಕಿಗೆ ಮೊದಲು ಆ ಊರಿನ ಮೇಲೆ ಬಾಂಬು ಬಿದ್ದಿತ್ತು. ಇನ್ನು ಸರಣಿ ಪ್ರಸಾರವಾದದ್ದು 1979ರ ಏಪ್ರಿಲ್ 7ರಿಂದ 1980ರ ಜನವರಿ 26ರವರೆಗೆ. ಹಣ ಹಾಕಿದ್ದು ಆಟಿಗೆಯ ಕಂಪನಿ. ನೋಡುವವರು ಕಡಿಮೆ ಎಂದು 52 ಕಂತಿನ ಯೋಜನೆಯನ್ನು 43ಕ್ಕೇ ಮೊಟಕು ಮಾಡಿದರು. ಆಮೇಲೆ ಮರುಪ್ರಸಾರದಲ್ಲಿ ಜನ ಹಿಡಿದುಕೊಂಡರು, 1981-82ರಲ್ಲಿ ಮೂರು ಸಿನಿಮಾಗಳೂ ಬಂದವು. ಜೋಡಿಸುವ ಪ್ಲಾಸ್ಟಿಕ್ ಬೊಂಬೆಗಳ ಮಾರಾಟ ಇಂದಿಗೂ ನಿಂತಿಲ್ಲ. ಅದನ್ನು ಕೊಡಿಸೆಂದು ನಿಮ್ಮ ಮಗ ಕೇಳಿದರೆ ಬೆಲೆ ನೋಡಿ ಮುಂದುವರಿಯಿರಿ, ನಾನು ಹೂಂ ಎನ್ನಲಾರೆ.

ಇರಲಿ, ನಮಗೆ ಬೇಕಾದದ್ದು ಅಡಿಗೆಮನೆ. ಊರು ಕಳೆದುಕೊಂಡವರೆಲ್ಲ ‘ವೈಟ್ ಬೇಸ್’ ಎಂಬ ಯುದ್ಧನೌಕೆ ಹತ್ತುತ್ತಾರೆ. ನಾಯಕನಿಗೆ ಹತ್ತೊಂಬತ್ತು, ಚುಕ್ಕಾಣಿ ಹಿಡಿದ ಮಿರಾಯಿಗೆ ಹದಿನೆಂಟು. ತಾಯಿ ಇಲ್ಲದ ಮೂರು ಕೂಸುಗಳನ್ನು ಸಂಭಾಳಿಸುವವಳು ಹದಿನೈದರ ಫ್ರಾ. ಹದಿನಾರನೆಯ ಕಂತಿನಲ್ಲಿ ಅಡಿಗೆಯವ ತಮುರ ಬಂದು ನಾಯಕನ ಮುಂದೆ ನಿಲ್ಲುತ್ತಾನೆ: ಉಪ್ಪು ಮುಗಿಯುತ್ತ ಬಂದಿದೆ! ಅಷ್ಟು ದೊಡ್ಡ ನೌಕೆ ಉಪ್ಪು ಹುಡುಕಿಕೊಂಡು ಲೋಪ್ ನೋರ್ ಎಂಬ ಉಪ್ಪಿನ ಸರೋವರದ ಕಡೆ ಹೊರಡುತ್ತದೆ. ಯುದ್ಧದ ಕಥೆ ಬರೆಯುವ ಎಷ್ಟು ಗಂಡಸರಿಗೆ ಈ ಮಾತು ಹೊಳೆದೀತು, ನೀವೇ ಹೇಳಿ.

ಈ ಕಂತು ನೋಡುವಾಗ ಔರಾದದಿಂದ ಬಂದಿದ್ದ ನಮ್ಮ ಆಯಿ ಪಕ್ಕದಲ್ಲೇ ಕೂತಿದ್ದಳು. 1948ರಲ್ಲಿ ಆಕೆ ಸಣ್ಣ ಹುಡುಗಿ. ಆ ವರ್ಷ ರಜಾಕಾರರ ಹಾವಳಿಗೆ ನಮ್ಮ ಜಿಲ್ಲೆಯ ಗೋರಟಾದಂಥ ಊರಲ್ಲಿ ಕೊಲೆಗಳಾದವು. ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯ ಬಂದು ನಿಜಾಮನ ಆಳ್ವಿಕೆ ಮುಗಿಯುವತನಕ ರಾತ್ರಿ ಯಾರೂ ನಿಶ್ಚಿಂತೆಯಿಂದ ಮಲಗಿದ್ದಿಲ್ಲ. “ಹಳ್ಳದ ದಂಡಿಗೆ ಓಡಿ ಕುಂತಿದ್ದೆವು. ಅವ್ವ ಸೆರಗಿನಾಗ ಜ್ವಾಳದ ಹಿಟ್ಟು ಕಟ್ಟಿದ್ದಳು, ಗಂಟಿನ ತುದೀಗಿ ಉಪ್ಪು ಬ್ಯಾರೆ ಕಟ್ಟಿದ್ದಳು. ಬಂಗಾರ ಮನ್ಯಾಗೇ ಬಿಟ್ಟಿದ್ದಳು” ಎಂದಳು ಆಯಿ. ನಾನು ಆಕೆಯ ಮೊಮ್ಮಗಳಾಗಿ ಇಷ್ಟು ವರ್ಷ ಬದುಕಿದ್ದೇನೆ, ಈ ಉಪ್ಪಿನ ಮಾತು ಕೇಳಿದ್ದು ಅಂದೇ. ಅಕ್ಕನ ಮಗ ಫೋನು ನಿಲ್ಲಿಸಿ ಆಕೆಯ ಮುಖವನ್ನೇ ನೋಡುತ್ತ ಕೂತ.

ಈಗ ನಿಮ್ಮ ಭಯದ ಮಾತಿಗೆ ಬರೋಣ. ಹದಿಮೂರನೆಯ ಕಂತನ್ನು ಮಗನ ಜೊತೆ ಕೂತು ನೋಡಿ. ಅಮುರೊ ವರ್ಷಗಳ ನಂತರ ಭೂಮಿಯಲ್ಲಿ ತಾಯಿಯನ್ನು ಕಾಣುತ್ತಾನೆ. ಆಕೆ ನಿರಾಶ್ರಿತರ ಸೇವೆಯಲ್ಲಿದ್ದಾಳೆ. ವೈರಿ ಸೈನಿಕರು ಹುಡುಕುತ್ತ ಬಂದಾಗ ಆಕೆ ಅವನನ್ನು ರೋಗಿಗಳ ಹಾಸಿಗೆಯಲ್ಲಿ ಮಲಗಿಸಿ ಬಚ್ಚಿಡುತ್ತಾಳೆ. ಅವನು ಹೊದಿಕೆಯ ಒಳಗಿನಿಂದಲೇ ಒಬ್ಬನಿಗೆ ಗುಂಡು ಹಾರಿಸುತ್ತಾನೆ. ತಾಯಿ ತತ್ತರಿಸುತ್ತಾಳೆ. ಆ ಸೈನಿಕನಿಗೂ ಹೆಂಡತಿ ಮಕ್ಕಳಿರಬಹುದು, ನಾನು ಹೆತ್ತ ಮೆತ್ತನೆಯ ಮಗ ಇವನೇನಾ ಎಂಬುದು ಆಕೆಯ ಸಂಕಟ. ಕೊಲ್ಲದಿದ್ದರೆ ನಾನು ಸಾಯುತ್ತಿದ್ದೆ, ಅಮ್ಮನಿಗೆ ನನ್ನ ಮೇಲೆ ಪ್ರೀತಿಯೇ ಇಲ್ಲವೇ ಎಂಬುದು ಅವನದು. ಕೊನೆಗೆ ಪರರ ಮನೆಯ ಹೆಂಗಸಿಗೆ ಮಾಡುವ ಹಾಗೆ ಸೆಲ್ಯೂಟು ಮಾಡಿ ಹೊರಟುಬಿಡುತ್ತಾನೆ. ಆಕೆ ನೆಲಕ್ಕೆ ಕುಸಿದು ಅಳುತ್ತಾಳೆ. ಯಾರು ಸರಿ ಎಂದು ಕಥೆ ತೀರ್ಪು ಕೊಡುವುದಿಲ್ಲ. ನನಗೆ ಕೇಳಿದರೆ ತಾಯಿಯದೇ ಸರಿ. ಅಕ್ಕನ ಮಗ ಒಪ್ಪಲಿಲ್ಲ, ನಮ್ಮಿಬ್ಬರ ವಾದ ಚಹಾ ಆರುವತನಕ ನಡೆಯಿತು.

ಬೀದರಿನಲ್ಲಿ ಈ ಪ್ರಶ್ನೆ ದೂರದ್ದಲ್ಲ. ನಮ್ಮ ಮಾಳಿಗೆಯ ಮೇಲೆ ಹಪ್ಪಳ ಒಣಗಿಸುವಾಗ ತಲೆಯ ಮೇಲೆ ಹಾಕ್ ವಿಮಾನಗಳು ಮೊರೆಯುತ್ತ ಹೋಗುತ್ತವೆ. 2008ರಿಂದ ಯುದ್ಧವಿಮಾನದ ಪೈಲಟ್ ಆಗುವವರು ಅವುಗಳ ಮೇಲೆ ಇಲ್ಲಿ ಕಲಿಯುತ್ತಾರೆ. 1996ರಲ್ಲಿ ಸೂರ್ಯಕಿರಣ ತಂಡ ಹುಟ್ಟಿದ್ದೂ ಇಲ್ಲೇ. 2016ರಲ್ಲಿ ದೇಶದ ಮೊದಲ ಮಹಿಳಾ ಯುದ್ಧವಿಮಾನ ಪೈಲಟ್‌ಗಳಾದ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಹಾಕ್ ತರಬೇತಿಗೆ ಬಂದದ್ದು ಬೀದರಿಗೇ. ಅವರನ್ನು ಕಂಡು ನಮ್ಮ ಹೆಣ್ಣುಮಕ್ಕಳ ಎದೆ ಉಬ್ಬಿತು, ನನ್ನದೂ. ಆದರೂ ಆ ಸದ್ದು ಕೇಳಿದಾಗಲೆಲ್ಲ ಒಳಗೆ ಕೂತ ಇಪ್ಪತ್ತು ಇಪ್ಪತ್ತೆರಡರ ಮಗುವಿನ ಮನೆಯಲ್ಲಿ ಫೋನಿಗಾಗಿ ಕಾದವಳೊಬ್ಬಳು ಇದ್ದಾಳೆಂದು ನನಗೆ ಅನಿಸದೆ ಇರುವುದಿಲ್ಲ. ನಿಮ್ಮ ಮಗ ನಾಳೆ ವಾಯುಸೇನೆಗೆ ಹೋಗುತ್ತೇನೆ ಎಂದರೆ ಹೋಗಲಿ. ಹೋಗುವ ಮೊದಲು ಅಮುರೊನ ತಾಯಿಯನ್ನೂ ಒಮ್ಮೆ ನೋಡಿದವನಾಗಿರಲಿ.

ಮನಸ್ಸು ಕಲ್ಲಾಗುತ್ತದೆಯೇ ಎಂದಿರಿ. ಇಪ್ಪತ್ತೆಂಟನೆಯ ಕಂತಿನ ಮಿಹಾರು ಎಂಬ ಹುಡುಗಿಯ ಬಗ್ಗೆ ಅವನನ್ನೇ ಕೇಳಿ. ತಮ್ಮ ತಂಗಿಯ ಹೊಟ್ಟೆ ತುಂಬಿಸಲು ಆಕೆ ವೈರಿಗೆ ಸುದ್ದಿ ಮಾರುತ್ತಾಳೆ. ನೌಕೆಯೊಳಗೆ ನುಸುಳಿದ ಮೇಲೆ ಅಲ್ಲಿಯೂ ಮೂರು ಎಳೆಯ ಕೂಸುಗಳು ಇರುವುದನ್ನು ಕಂಡು, ತನ್ನ ಸುದ್ದಿಯಿಂದ ಸಾಯುವವರು ಇವರೇ ಎಂದು ತಿಳಿದು, ತಾನೇ ಎದ್ದು ಹೋರಾಟಕ್ಕೆ ನೆರವಾಗಿ ಸಮುದ್ರದ ಪಾಲಾಗುತ್ತಾಳೆ. ಊರಲ್ಲಿ ತಮ್ಮ ತಂಗಿ ಅಕ್ಕನ ದಾರಿ ಕಾಯುತ್ತಿದ್ದಾರೆ. ಹದಿನಾಲ್ಕರ ನಮ್ಮ ಹುಡುಗ ಇಲ್ಲಿ ನೀರು ಕುಡಿಯುವ ನೆವ ಹೇಳಿ ಎದ್ದುಹೋದ. ಹಿಂದೆ ಹೋಗಿ ನೋಡುವ ಕೆಲಸ ನಾನು ಮಾಡಲಿಲ್ಲ, ನೀವೂ ಮಾಡಬೇಡಿ.

ಆದ್ದರಿಂದ ಸೋದರಿ, ಫೋನು ಕಸಿಯುವುದು ಬೇಡ, ಹೊತ್ತು ಗೊತ್ತುಮಾಡಿ. ದಿನಕ್ಕೆ ಒಂದೇ ಕಂತು, ಪರೀಕ್ಷೆಯ ತಿಂಗಳಲ್ಲಿ ಭಾನುವಾರ ಮಾತ್ರ. ಚಿತ್ರ ಹಳೆಯದು, ಬಣ್ಣ ಸ್ವಲ್ಪ ಮಂಕು, ಕೆಲವು ಕಂತು ಎಳೆದಂತೆಯೂ ಇವೆ. ಬೇಸರ ಬಂದರೆ ನೀವು ಏಳಬಹುದು, ಅವನು ಬೇಜಾರಾಗುವುದಿಲ್ಲ. ಒಂದೊಂದು ಕಂತು ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ತೊಗರಿಬೇಳೆ ಒಲೆಯ ಮೇಲಿಟ್ಟು ಬಂದು ಕೂಡಿ. ಅದು ಬೇಯುವಷ್ಟರಲ್ಲಿ ಆಗಿಹೋಗುತ್ತದೆ, ರೊಟ್ಟಿಯನ್ನು ಆಮೇಲೆ ಇಬ್ಬರೂ ಕೂಡಿ ಬಿಸಿಬಿಸಿ ತಿನ್ನಬಹುದು.